ಮೂರು ಮಳೆಗಾಲ ಕಂಡ ಲ್ಯಾಪ್‌ಟಾಪ್: ಮಲೆನಾಡಿನ ಮನೆಯೊಂದರ ಪ್ರಕರಣ ಅಧ್ಯಯನ

ಈ ಮನೆ ಇರುವುದು ತೀರ್ಥಹಳ್ಳಿ ಸೀಮೆಯಲ್ಲಿ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಅವರ ಉದ್ಯೋಗ, ಸಂಬಂಧಗಳ ಕೆಲವು ವಿವರ ಬದಲಿಸಿದ್ದೇನೆ. ಯಂತ್ರಕ್ಕೆ ಸಂಬಂಧಪಟ್ಟದ್ದನ್ನು ಇದ್ದ ಹಾಗೇ ಇಟ್ಟಿದ್ದೇನೆ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಹೆಸರು ಎಲ್ಲೂ ಇಲ್ಲ. ಒಂದೇ ಕಂಪನಿ ಇಪ್ಪತ್ತೈದು ಸಾವಿರದ ಪೆಟ್ಟಿಗೆಯನ್ನೂ ಮಾಡುತ್ತದೆ, ಒಂದೂವರೆ ಲಕ್ಷದ್ದನ್ನೂ ಮಾಡುತ್ತದೆ. ಎರಡರ ಮೇಲೂ ಅದೇ ಲಾಂಛನ. ಹೆಸರು ಕೇಳಿ ಕೊಳ್ಳುವವರು ಎಡವುವುದೇ ಇಲ್ಲಿ ಎಂದು ರಿಪೇರಿ ಕೆಲಸದಲ್ಲಿರುವ ನನಗೆ ಅನ್ನಿಸಿದೆ.

ಹಿನ್ನೆಲೆ

ಮನೆಯ ಹಿರಿಯರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಊರಿನ ಹಳೇ ಕಾಗದಪತ್ರಗಳನ್ನೆಲ್ಲ ಕೂಡಿಹಾಕಿ ಗ್ರಾಮದ ಚರಿತ್ರೆ ಬರೆಯುತ್ತಿದ್ದಾರೆ, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಮಗ ತೋಟ ನೋಡಿಕೊಳ್ಳುತ್ತಾರೆ. ಸೊಸೆ ಮನೆಯಲ್ಲಿ ಕೂತೇ ಅಡಿಕೆ ಮಂಡಿಯೊಂದರ ಲೆಕ್ಕವನ್ನು ಟ್ಯಾಲಿ ಎಂಬ ತಂತ್ರಾಂಶದಲ್ಲಿ ಬರೆಯುತ್ತಾರೆ. ಮೊಮ್ಮಗಳು ಆಗ ಎಂಟನೇ ಕ್ಲಾಸು ಮುಗಿಸಿದ್ದಳು. ನಾಲ್ವರಿಗೂ ಸೇರಿ ಇದ್ದದ್ದು ಒಂದೇ ಲ್ಯಾಪ್‌ಟಾಪ್. 2017ರಲ್ಲಿ ಕೊಂಡದ್ದು, ಏಳನೇ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. 2020ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದ್ದರು. ಆಮೇಲೆ ಅದು ಚೆನ್ನಾಗಿಯೇ ಓಡುತ್ತಿತ್ತು.

2023ರ ಏಪ್ರಿಲ್‌ನಲ್ಲಿ ಮೇಷ್ಟ್ರು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಮುಚ್ಚಳ ಒಂದು ಕಡೆ ಬಿಟ್ಟುಕೊಂಡಿತ್ತು. "ಇದನ್ನ ಸಾಕು ಮಾಡ್ತೀನಿ. ಹತ್ತು ವರ್ಷ ಬರೋದು ಯಾವುದಾದ್ರೂ ಇದ್ರೆ ಹೇಳಿ ಮಾರಾಯ್ರೆ. ಮಳೆ ಹಿಡಿಯೋದ್ರೊಳಗೆ ಬೇಕು" ಎಂದರು. ಕೈಯಲ್ಲಿದ್ದ ಹಣ 55,000 ರೂಪಾಯಿ.

ಆ ಮನೆಯ ಪರಿಸರವನ್ನೂ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಗೋಡೆಯೇ ಬೆವರುವಷ್ಟು ತೇವ. ಗಾಳಿ ಬಂದರೆ ಕರೆಂಟು ಹೋಗುತ್ತದೆ, ಬರುವಾಗ ಒಮ್ಮೆಲೇ ನುಗ್ಗುತ್ತದೆ. ಮಳೆಗಾಲದ ಹಿಂದೆ ಮುಂದೆ ಸಿಡಿಲು. ಕಂಪನಿಗಳ ಅಧಿಕೃತ ಸರ್ವಿಸ್ ಸೆಂಟರ್ ಬೇಕೆಂದರೆ ಶಿವಮೊಗ್ಗಕ್ಕೇ ಹೋಗಬೇಕು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಬರೆದ "ಅತ್ಯುತ್ತಮ ಹತ್ತು ಲ್ಯಾಪ್‌ಟಾಪ್‌ಗಳು" ಎಂಬ ಪಟ್ಟಿಯಲ್ಲಿ ಇದ್ಯಾವುದೂ ಲೆಕ್ಕಕ್ಕೆ ಬಂದಿರುವುದಿಲ್ಲ.

ಸಮಸ್ಯೆ: ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು

ಮಗನಿಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ರಿಫರ್ಬಿಶ್ಡ್ ಮಾಲಿನ ಮೇಲೆ ಮನಸ್ಸು. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಗಟ್ಟಿ ಯಂತ್ರ, ಅರ್ಧ ಬೆಲೆ. ಮೊಮ್ಮಗಳಿಗೆ ತೆಳ್ಳನೆಯ, ಲೋಹದ ಮೈಯ 14 ಇಂಚಿನದು ಬೇಕು. ಮೈಸೂರಿನ ಅಳಿಯ ತಂದಿದ್ದನ್ನು ನೋಡಿ ಹುಟ್ಟಿದ ಆಸೆ ಅದು. ಮೇಷ್ಟ್ರಿಗೆ ಮಿಲಿಟರಿ ದರ್ಜೆ ಎಂದು ಜಾಹೀರಾತಿನಲ್ಲಿ ಓದಿದ ಒಂದು ಮಾದರಿ ತಲೆಯಲ್ಲಿ ಕೂತಿತ್ತು. ಸೊಸೆ ಏನೂ ಹೇಳಲಿಲ್ಲ. ಅವರನ್ನು ಯಾರೂ ಕೇಳಿಯೂ ಇರಲಿಲ್ಲ.

ಹೊಸದರ ಮಾತಿಗೆ ಮೊದಲು ಹಳೆಯದನ್ನು ಬಿಚ್ಚೋಣ ಎಂದೆ. ಯಾವ ಮನೆಗೆ ಲ್ಯಾಪ್‌ಟಾಪ್ ಆರಿಸುವಾಗಲೂ ನಾನು ಮೊದಲು ಮಾಡುವುದು ಇದನ್ನೇ. ಆ ಮನೆಯಲ್ಲಿ ಯಂತ್ರ ಹೇಗೆ ಸಾಯುತ್ತದೆ ಎನ್ನುವುದಕ್ಕೆ ಸತ್ತ ಯಂತ್ರಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ.

ಬಿಚ್ಚಿದಾಗ ಕಂಡದ್ದು ಹೀಗಿತ್ತು. ಮುಚ್ಚಳದ ಹಿಂಜಿನ, ಅಂದರೆ ಮುಚ್ಚಳ ತಿರುಗುವ ಕೀಲಿನ, ತಿರುಪುಗಳು ಕೂರುವುದು ಪ್ಲಾಸ್ಟಿಕ್ಕಿನ ಪುಟ್ಟ ಕಂಬಗಳೊಳಗೆ ಹುದುಗಿಸಿದ ಹಿತ್ತಾಳೆ ನಟ್ಟುಗಳಲ್ಲಿ. ಹಿಂಜಿನ ಗ್ರೀಸು ಒಣಗಿ ಬಿಗಿಯಾಗಿತ್ತು. ಬಿಗಿಯಾದ ಹಿಂಜನ್ನು ಪ್ರತಿಸಲ ತೆರೆದಾಗ ಆ ಬಲವೆಲ್ಲ ನಟ್ಟುಗಳ ಮೇಲೆ ಬಿದ್ದು, ಬಲಗಡೆಯ ಮೂರೂ ನಟ್ಟುಗಳು ಪ್ಲಾಸ್ಟಿಕ್ಕನ್ನು ಕಚ್ಚಿಕೊಂಡೇ ಕಿತ್ತು ಬಂದಿದ್ದವು. ಹಿಂಜು ಮುರಿದಿರಲಿಲ್ಲ, ಅದನ್ನು ಹಿಡಿದುಕೊಂಡ ಜಾಗ ಸೋತಿತ್ತು. ಬಲಗಡೆಯೇ ಯಾಕೆ ಎಂದರೆ ಮನೆಯಲ್ಲಿ ಎಲ್ಲರೂ ಬಲಮೂಲೆ ಹಿಡಿದೇ ಮುಚ್ಚಳ ಎತ್ತುತ್ತಿದ್ದರು.

ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿರಲಿಲ್ಲ. ಕೆಳಗೆ ಬ್ಯಾಟರಿ ಉಬ್ಬಿ ಅದನ್ನು ಮೇಲಕ್ಕೆ ದೂಡಿತ್ತು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೂ ಹಾಕಬಾರದು. ಮನೆಯವರು ತಿಂಗಳುಗಟ್ಟಲೆ ಅದನ್ನೇ ಬಳಸಿದ್ದರೆಂದು ಗೊತ್ತಾದಾಗ ನನಗೆ ನಿಜಕ್ಕೂ ಗಾಬರಿಯಾಯಿತು. ಹಗಲೂ ರಾತ್ರಿ ಪ್ಲಗ್ಗಿನಲ್ಲೇ ಇಟ್ಟು, ಸದಾ ನೂರಕ್ಕೆ ನೂರು ಚಾರ್ಜಿನಲ್ಲಿ ಬಿಸಿಯಾಗಿದ್ದ ಬ್ಯಾಟರಿ ಅದು.

ಯುಎಸ್‌ಬಿ ಪೋರ್ಟುಗಳ ಬುಡದಲ್ಲಿ ಹಸಿರು ಕಿಲುಬು ಹಿಡಿದಿತ್ತು. ಫ್ಯಾನಿನ ಪಕ್ಕ ಇರುವೆಗಳು ಮೊಟ್ಟೆ ಇಟ್ಟ ಗುರುತು. ಚಾರ್ಜರ್ ಸಿಕ್ಕಿಸುವ ಜ್ಯಾಕು ಸಡಿಲ. ಇಷ್ಟೆಲ್ಲದರ ನಡುವೆ ಪ್ರೊಸೆಸರ್, ಎಸ್‌ಎಸ್‌ಡಿ, ಪರದೆ ಮೂರೂ ಕ್ಷೇಮ. ಅಂದರೆ ಜನ ಲ್ಯಾಪ್‌ಟಾಪ್ ಆರಿಸುವಾಗ ಯಾವುದನ್ನು ಹೋಲಿಸಿ ನೋಡುತ್ತಾರೋ ಅದು ಕೆಟ್ಟಿರಲಿಲ್ಲ, ಯಾವುದನ್ನು ಯಾರೂ ನೋಡುವುದಿಲ್ಲವೋ ಅದೆಲ್ಲ ಕೆಟ್ಟಿತ್ತು.

ಹಾಗಾದರೆ ರಿಪೇರಿ ಮಾಡಿ ಇಟ್ಟುಕೊಳ್ಳಬಹುದಲ್ಲ ಎಂಬ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆ. ಮೇಲ್ಕವಚ, ಬ್ಯಾಟರಿ, ಜ್ಯಾಕು ಬದಲಿಸಿದರೆ ಇನ್ನೂ ಕೆಲವು ವರ್ಷ ಓಡುತ್ತಿತ್ತು. ಆದರೆ ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಬೇಕು, ಇದು ಏಳನೆಯದು. ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14, 2025ಕ್ಕೆ ನಿಲ್ಲುತ್ತದೆಂದು ಮೈಕ್ರೋಸಾಫ್ಟ್ ಆಗಲೇ ಹೇಳಿತ್ತು. ಟ್ಯಾಲಿ ಓಡುವುದು ವಿಂಡೋಸಿನಲ್ಲಿ, ಅದರಲ್ಲಿ ಬೇರೆಯವರ ಹಣದ ಲೆಕ್ಕ. ಭದ್ರತಾ ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಅದನ್ನು ಇಡುವುದು ಸರಿಯಲ್ಲ ಎಂದು ಹೊಸದಕ್ಕೇ ಒಪ್ಪಿದೆ.

ತಿರುವು: ಸೊಸೆಯ ಬಲಗೈ

ಆ ಸಂಜೆ ಅವರ ಮನೆಗೆ ಹೋಗಿದ್ದಾಗ ಸೊಸೆಯವರನ್ನು ಕೇಳಿದೆ: "ನೀವು ಇದರಲ್ಲಿ ದಿನಕ್ಕೆ ಎಷ್ಟು ಹೊತ್ತು ಕೂರ್ತೀರಿ?"

"ಸೀಸನ್ನಿನಲ್ಲಿ ನಾಲ್ಕೈದು ತಾಸು ಅಣ್ಣ. ವೋಚರ್ ಎಂಟ್ರಿ ಇರತ್ತಲ್ಲ" ಎಂದು ಅವರು ಮುರುಕು ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟು ತೋರಿಸಿದರು. ಎಡಗೈಯಲ್ಲಿ ಬಿಲ್ಲಿನ ಕಟ್ಟು. ಬಲಗೈ ಬೆರಳುಗಳು ಕೀಬೋರ್ಡಿನ ಬಲತುದಿಯ ಅಂಕಿಗಳ ಮೇಲೆ, ನೋಡದೆಯೇ ಓಡುತ್ತಿದ್ದವು. ಆ ಕೀಲಿಗಳ ಮೇಲಿನ ಬರಹ ಸವೆದು ಹೋಗಿತ್ತು, ಉಳಿದವು ಹೊಸದರಂತಿದ್ದವು.

ಮನೆಯಲ್ಲಿ ನಡೆದಿದ್ದ ಅಷ್ಟೂ ಚರ್ಚೆ ಅಲ್ಲಿಗೆ ಬೇರೆ ದಾರಿ ಹಿಡಿಯಿತು. ತೆಳ್ಳನೆಯ 14 ಇಂಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಂಬರ್ ಪ್ಯಾಡ್ ಇರುವುದಿಲ್ಲ. ಮಗ ಹೇಳುತ್ತಿದ್ದ ರಿಫರ್ಬಿಶ್ಡ್ ಯಂತ್ರಗಳೂ ಬಹುಪಾಲು 14 ಇಂಚಿನವೇ. ಬೇರೆ ಕೀಪ್ಯಾಡ್ ಕೊಂಡು ಯುಎಸ್‌ಬಿಗೆ ಸಿಕ್ಕಿಸಬಹುದಾದರೂ ಕಿಲುಬು ಹಿಡಿಯುವ ಪೋರ್ಟಿಗೆ ದಿನವೂ ಇನ್ನೊಂದು ವಸ್ತು ತುರುಕುವುದು ನನಗೆ ಸರಿಕಾಣಲಿಲ್ಲ. 15.6 ಇಂಚು, ನಂಬರ್ ಪ್ಯಾಡ್ ಎರಡೂ ಖಾಯಂ ಆದವು. ಮೊಮ್ಮಗಳ ಮುಖ ಸಣ್ಣದಾಯಿತು. "ಅಮ್ಮನ ಸಂಪಾದನೆಯ ಯಂತ್ರ ಪುಟ್ಟಿ, ಅವಳಿಗೆ ಸರಿ ಹೋಗಲಿ" ಎಂದು ಮೇಷ್ಟ್ರೇ ಸಮಾಧಾನ ಮಾಡಿದರು.

ಲೋಹದ ಮೈಯ ಬಗ್ಗೆ ಇನ್ನೊಂದು ಸಂಗತಿ ಅದೇ ಸಂಜೆ ಹೊರಬಿತ್ತು. ಅಳಿಯನ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಹುಡುಗಿ ಹೇಳಿದಳು. ಅಡಾಪ್ಟರಿನೊಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಬಹಳ ಸಣ್ಣ ಪ್ರಮಾಣದ ಕರೆಂಟು ಸೋರುತ್ತದೆ. ಅರ್ಥಿಂಗ್ ಇದ್ದರೆ ಅದು ಭೂಮಿಗೆ ಹೋಗುತ್ತದೆ, ಇಲ್ಲದಿದ್ದರೆ ಲೋಹದ ಮೈಗೆ ಬರುತ್ತದೆ. ಅಷ್ಟರಿಂದ ಜೀವಕ್ಕೆ ಅಪಾಯವಿಲ್ಲದಿದ್ದರೂ ಮನೆಯ ಅರ್ಥಿಂಗ್ ಸತ್ತಿರಬಹುದು ಎನ್ನುವುದಕ್ಕೆ ಅದು ಸೂಚನೆ. ಟೆಸ್ಟರ್ ದೀಪ ಹಿಡಿದು ನೋಡಿದರೆ ಹಾಗೇ ಆಗಿತ್ತು: ಅರ್ಥ್ ತಂತಿ ಹೊರಗಡೆ ಗುಂಡಿಯ ಹತ್ತಿರ ತುಕ್ಕು ಹಿಡಿದು ತುಂಡಾಗಿತ್ತು. ಲ್ಯಾಪ್‌ಟಾಪಿನ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಕನ್ವರ್ಟರಿಗೆ ಹಾಕಿ ಬಳಸುತ್ತಿದ್ದರು ಬೇರೆ.

ಹೊಸ ಲ್ಯಾಪ್‌ಟಾಪಿಗೆ ಖರ್ಚಾದ ಮೊದಲ ಹಣ ಎಲೆಕ್ಟ್ರಿಷಿಯನ್ನಿಗೆ ಹೋಯಿತು. ಅರ್ಥಿಂಗ್ ಗುಂಡಿ ಸರಿಮಾಡಿಸಿ, ಮೇಷ್ಟ್ರ ಮೇಜಿನ ಹತ್ತಿರ ಒಂದು ಒಳ್ಳೆಯ ಮೂರು ಪಿನ್ ಸಾಕೆಟ್ಟು, ಅದಕ್ಕೊಂದು ಒಮ್ಮೆಲೇ ನುಗ್ಗುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್. ಸ್ಟೆಬಿಲೈಸರ್ ಬೇಕೇ ಎಂದು ಮಗ ಕೇಳಿದರು, ಬೇಡ ಎಂದೆ. ಲ್ಯಾಪ್‌ಟಾಪ್ ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಬಲ್ಬು ಮಿಣುಕುವಷ್ಟು ವೋಲ್ಟೇಜ್ ಇಳಿದರೂ ಅದು ಕೆಲಸ ಮಾಡುತ್ತದೆ. ಹೊಡೆತ ಬೀಳುವುದು ಕರೆಂಟು ವಾಪಸ್ ಬರುವಾಗಿನ ನುಗ್ಗಾಟದಿಂದ. ಸಿಡಿಲಿಗಂತೂ ಯಾವ ಪ್ರೊಟೆಕ್ಟರನ್ನೂ ನಂಬಿ ಕೂರಬಾರದು, ಗುಡುಗು ಕೇಳಿದರೆ ಪ್ಲಗ್ಗು ಕಿತ್ತಿಡಬೇಕು.

ಅಂಗಡಿಯಲ್ಲಿ

ಶಿವಮೊಗ್ಗದ ಅಂಗಡಿಗಳಿಗೆ ಸೊಸೆಯವರನ್ನೂ ಕರೆದುಕೊಂಡು ಹೋದೆವು. ನೋಡುವುದಕ್ಕೆ ನಾಲ್ಕು ವಿಷಯ ಇಟ್ಟುಕೊಂಡಿದ್ದೆವು: ಹಿಂಜು, ಬಿಚ್ಚುವ ಸುಲಭ, ರ‍್ಯಾಮ್ ಸ್ಲಾಟು, ಮನೆಗೆ ಬಂದು ಮಾಡಿಕೊಡುವ ವಾರಂಟಿ.

ಹಿಂಜು ನೋಡುವುದಕ್ಕೆ ಯಂತ್ರ ಬೇಡ, ಕೈ ಸಾಕು. ಮುಚ್ಚಳವನ್ನು ಒಂದು ಮೂಲೆಯಿಂದ ನಿಧಾನ ಎತ್ತಿ. ಇನ್ನೊಂದು ಮೂಲೆ ಜೊತೆಗೇ ಬರಬೇಕು. ತಿರುಚಿಕೊಂಡು ತಡವಾಗಿ ಬಂದರೆ ಮುಚ್ಚಳ ಸಡಿಲ, ಹಿಂಜು ಬಿಗಿ. ಆಮೇಲೆ ಅಂಗೈ ಇಡುವ ಜಾಗದ ಹಿಂಬದಿ, ಹಿಂಜಿನ ಪಕ್ಕದಲ್ಲೇ ಬೆರಳಿಟ್ಟು ಮುಚ್ಚಳ ತೆರೆದು ಮುಚ್ಚಿ. ಆ ಜಾಗ ಬೆರಳಿಗೆ ಗೊತ್ತಾಗುವಷ್ಟು ಉಬ್ಬಿ ತಗ್ಗಿದರೆ ಬಿಟ್ಟುಬಿಡಿ. ಡಿಸ್‌ಪ್ಲೇಗೆ ಇಟ್ಟ ಪೀಸಿನಲ್ಲೇ ಇದನ್ನು ನೋಡಬೇಕು, ನೂರಾರು ಜನ ತೆರೆದು ಮುಚ್ಚಿರುತ್ತಾರೆ. ಮೇಷ್ಟ್ರು ಆಸೆಪಟ್ಟಿದ್ದ ಮಾದರಿ ಇಲ್ಲಿ ಪಾಸಾಯಿತು. ಇನ್ನೆರಡು ಬಿದ್ದುಹೋದವು.

ಮಿಲಿಟರಿ ದರ್ಜೆಯ ಬಗ್ಗೆ ಅವರಿಗೆ ಬಿಡಿಸಿ ಹೇಳಬೇಕಾಯಿತು. ಎಂಐಎಲ್-ಎಸ್‌ಟಿಡಿ-810ಎಚ್ ಎನ್ನುವುದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಕೈಪಿಡಿ. ಬೀಳುವಿಕೆ, ಅದುರು, ತೇವ, ಧೂಳು, ಉಪ್ಪುಗಾಳಿ ಹೀಗೆ ಹತ್ತಾರು ಪರೀಕ್ಷೆ ಅದರಲ್ಲಿವೆ. ಯಾವುದನ್ನು ಮಾಡಿಸಬೇಕು, ಎಷ್ಟು ಕಠಿಣವಾಗಿ ಮಾಡಿಸಬೇಕು ಎನ್ನುವುದನ್ನು ತಯಾರಕರೇ ಆರಿಸಿಕೊಳ್ಳಬಹುದು. ಸೇನೆಯವರು ಬಂದು ಮುದ್ರೆ ಒತ್ತುವುದಿಲ್ಲ. ಹಾಗೆಂದು ಅದು ಸುಳ್ಳೂ ಅಲ್ಲ. ಪರೀಕ್ಷೆಗೆ ಒಡ್ಡಿದ ಯಂತ್ರ ಒಡ್ಡದ ಯಂತ್ರಕ್ಕಿಂತ ವಾಸಿ. ಯಾವ ಯಾವ ಪರೀಕ್ಷೆ ಎಂಬ ಪಟ್ಟಿ ಕೊಡದೆ ಬರೀ ಹೆಸರು ಹಾಕಿದ್ದರೆ ಮಾತ್ರ ಅದಕ್ಕೆ ಹೆಚ್ಚು ಬೆಲೆ ಕಟ್ಟಬಾರದು.

ಆ ಮಾದರಿ ಕೊನೆಗೆ ಬಿದ್ದದ್ದು ಪ್ರೊಸೆಸರಿನ ವಿಷಯದಲ್ಲಿ. ಅಂಗಡಿಯ ಹುಡುಗ "ರೈಜನ್ 5, 7000 ಸೀರೀಸ್, ಲೇಟೆಸ್ಟು ಸಾರ್" ಎಂದ. ಪೂರ್ತಿ ಸಂಖ್ಯೆ ಓದಿದರೆ 7520ಯು. ಎಎಂಡಿಯ ಆ ಸಾಲಿನ ಹೆಸರಿನಲ್ಲಿ ಮೊದಲ ಅಂಕಿ ವರ್ಷ ಸೂಚಿಸಿದರೆ, ಒಳಗಿನ ವಿನ್ಯಾಸ ಎಷ್ಟು ಹೊಸದು ಎನ್ನುವುದು ಮೂರನೇ ಅಂಕಿಯಲ್ಲಿದೆ. 7520ರಲ್ಲಿ ಅದು 2, ಅಂದರೆ ಜೆನ್ 2, 2019ರಲ್ಲಿ ಬಂದ ವಿನ್ಯಾಸ, ನಾಲ್ಕು ಕೋರು (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕ). ಪಕ್ಕದಲ್ಲೇ ಇದ್ದ 7530ಯು ಜೆನ್ 3, ಆರು ಕೋರು. ಒಂದೇ ಅಂಕಿಯ ವ್ಯತ್ಯಾಸ. ಇದಕ್ಕಿಂತ ಮುಖ್ಯವಾಗಿ, 7520ಯು ಬಳಸುವುದು ಎಲ್‌ಪಿಡಿಡಿಆರ್5 ರ‍್ಯಾಮನ್ನು. ಅದನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿಯೇ ಕೊಡುತ್ತಾರೆ. 8 ಜಿಬಿ ಕೊಂಡರೆ ಕೊನೆಯವರೆಗೂ 8 ಜಿಬಿಯೇ. ಮನೆಬಳಕೆಗೆ ಆ ಪ್ರೊಸೆಸರಿನ ವೇಗ ಸಾಕಾಗುತ್ತಿತ್ತು. ಹತ್ತು ವರ್ಷದ ಮಾತಾಡುವ ಮನೆಗೆ ಬೆಳೆಯಲಾರದ ರ‍್ಯಾಮ್ ಸಾಕಾಗುವುದಿಲ್ಲ.

ಕೊನೆಗೆ ಆರಿಸಿದ್ದು ಸಣ್ಣ ಕಚೇರಿಗಳಿಗೆಂದು ಮಾರುವ ಸರಣಿಯ ಒಂದು ಸಾದಾ ಯಂತ್ರ. ಕೋರ್ ಐ5-1235ಯು, 8 ಜಿಬಿ ಡಿಡಿಆರ್4 ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಎರಡು ರ‍್ಯಾಮ್ ಸ್ಲಾಟು, ಒಂದು ಖಾಲಿ. ಪ್ಲಾಸ್ಟಿಕ್ ಮೈ, ನೋಡಲು ಏನೇನೂ ವಿಶೇಷವಿಲ್ಲ. ಕೆಳಗಿನ ಕವಚ ಸಾಮಾನ್ಯ ತಿರುಪಿನಲ್ಲಿ ಬಿಚ್ಚುತ್ತದೆ, ರಬ್ಬರ್ ಪಾದದ ಕೆಳಗೆ ಅಡಗಿಸಿದ ತಿರುಪಿಲ್ಲ. ಇದನ್ನು ಅಂಗಡಿಗೆ ಹೋಗುವ ಮೊದಲೇ ಕಂಪನಿಯ ಸರ್ವಿಸ್ ಮ್ಯಾನುಯಲ್ಲಿನಲ್ಲಿ ನೋಡಿಕೊಂಡಿದ್ದೆ. ಡೆಲ್, ಎಚ್‌ಪಿ, ಲೆನೊವೊದಂಥವರು ಬಹಳಷ್ಟು ಮಾದರಿಗಳ ಮ್ಯಾನುಯಲ್ಲನ್ನು ತಮ್ಮ ಜಾಲತಾಣದಲ್ಲೇ ಪುಕ್ಕಟೆ ಇಟ್ಟಿರುತ್ತಾರೆ. ಬ್ಯಾಟರಿ ತೆಗೆಯಲು ಎಷ್ಟು ಹಂತ, ಕೀಬೋರ್ಡ್ ಬಿಡಿಯಾಗಿ ಬರುತ್ತದೋ ಇಲ್ಲವೋ ಎಲ್ಲ ಅದರಲ್ಲಿ ಚಿತ್ರಸಮೇತ ಇರುತ್ತದೆ. ಕೊಳ್ಳುವ ಮೊದಲು ಹತ್ತು ವಿಮರ್ಶೆ ನೋಡುವ ಬದಲು ಈ ಒಂದು ಕಡತದ ಪುಟ ತಿರುಗಿಸಿದರೆ ಹೆಚ್ಚು ತಿಳಿಯುತ್ತದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲೊಂದು ನಿಜವಾದ ಇಕ್ಕಟ್ಟು ಬಂತು. ಈ ಯಂತ್ರದ ಪರದೆಯ ಬೆಳಕು 250 ನಿಟ್ಸ್ (ಪರದೆಯ ಬೆಳಕಿನ ಅಳತೆ) ಮಾತ್ರ, ಬಣ್ಣ ಮಂಕು. ಸ್ವಲ್ಪ ಹೆಚ್ಚು ಕೊಟ್ಟರೆ ಒಳ್ಳೆಯ ಪರದೆಯ ಮಾದರಿ ಇತ್ತು. ಮೇಷ್ಟ್ರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ. ಆದರೆ ಅದೇ ಹಣಕ್ಕೆ ಮೂರು ವರ್ಷದ ಆನ್‌ಸೈಟ್ (ಮನೆಗೆ ಬಂದು ಮಾಡಿಕೊಡುವ) ವಾರಂಟಿಯನ್ನೂ ಆಕಸ್ಮಿಕ ಹಾನಿಯ ರಕ್ಷಣೆಯನ್ನೂ ಸೇರಿಸಬಹುದಿತ್ತು. ಎರಡಕ್ಕೂ ದುಡ್ಡು ಸಾಲದು. ನಾನು ವಾರಂಟಿ ಎಂದೆ, ಮೇಷ್ಟ್ರು ಬಹಳ ಹೊತ್ತು ಯೋಚಿಸಿ ಒಪ್ಪಿದರು. ಮಾಮೂಲಿ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ನೀರು ಚೆಲ್ಲಿದರೆ, ಕೈಜಾರಿ ಬಿದ್ದರೆ ಬರುವುದಿಲ್ಲ. ಮಕ್ಕಳಿರುವ, ಕಾಫಿ ಲೋಟ ಓಡಾಡುವ ಮನೆಯಲ್ಲಿ ಆಗುವುದೇ ಇವೆರಡು.

ಬಿಲ್ಲು ಮಾಡಿದ ಮೇಲೆ ಅಂಗಡಿಯ ಹುಡುಗ ವಿಂಡೋಸ್ ಚಾಲೂ ಮಾಡಿಕೊಡುತ್ತೇನೆಂದು ತನ್ನದೇ ಇಮೇಲ್ ಹಾಕಲು ಹೊರಟ. ಪಾಪ, ಉಪಕಾರಕ್ಕೇ. ಬೇಡ ಎಂದು ತಡೆದು, ಮನೆಗೆ ತಂದು ಸೊಸೆಯವರ ಸ್ವಂತ ಇಮೇಲಿನಲ್ಲಿ ಖಾತೆ ತೆರೆಸಿದೆವು. ಆಗ ಅದು ಸಣ್ಣ ವಿಷಯ ಅನ್ನಿಸಿತ್ತು. ಸೀರಿಯಲ್ ಸಂಖ್ಯೆ ಹಾಕಿ ವಾರಂಟಿ ಯಾವತ್ತಿನಿಂದ ಯಾವತ್ತಿನವರೆಗೆ ಎಂದು ಕಂಪನಿಯ ತಾಣದಲ್ಲಿ ನೋಡಿ, ಬ್ಯಾಟರಿ 80 ಶೇಕಡಾಕ್ಕೇ ನಿಲ್ಲುವಂತೆ ಸೆಟ್ಟಿಂಗ್ ಮಾಡಿ, ಬಿಲ್ಲಿನ ಫೈಲಿನಲ್ಲಿ ಎಲ್ಲ ಕಾಗದ ಸೇರಿಸಿ ಕೊಟ್ಟೆ. ಎನ್‌ಕ್ರಿಪ್ಷನ್ನಿನ, ಅಂದರೆ ಡಿಸ್ಕಿಗೆ ಬಿದ್ದ ಬೀಗದ, ರಿಕವರಿ ಕೀಯ ಪ್ರಿಂಟೂ ಅದರಲ್ಲಿತ್ತು.

ಮೂರು ಮಳೆಗಾಲದಲ್ಲಿ ಆದದ್ದು

ಮೊದಲ ಮಳೆಗಾಲ ಸುಸೂತ್ರ. ಹಳೆಯದನ್ನು ರೆಕ್ಸಿನ್ ಬ್ಯಾಗಿನೊಳಗೆ ಹಾಕಿ ಬೀರುವಿನಲ್ಲಿಡುತ್ತಿದ್ದರು. ಹೊಸದು ಮೇಜಿನ ಮೇಲೆ, ಹತ್ತಿಬಟ್ಟೆಯ ಮುಸುಕಿನಡಿ ಇತ್ತು. ದಿನವೂ ಬಳಸುವ ಯಂತ್ರ ತನ್ನ ಬಿಸಿಯಿಂದಲೇ ಒಳಗಿನ ತೇವ ಒಣಗಿಸಿಕೊಳ್ಳುತ್ತದೆ. ಮುಚ್ಚಿಟ್ಟ ಬ್ಯಾಗಿನಲ್ಲಿ ಮಲಗಿದ ಯಂತ್ರಕ್ಕೆ ಬೂಷ್ಟು ಹಿಡಿಯುತ್ತದೆ. ಮೇಜಿನ ಕಾಲುಗಳಿಗೆ ಇರುವೆ ಹತ್ತದಂತೆ ಅಜ್ಜಿ ನೀರಿನ ಬಟ್ಟಲು ಇಟ್ಟರು.

2024ರ ಆರಂಭದಲ್ಲಿ ಟ್ಯಾಲಿ, ಬ್ರೌಸರು, ಮೊಮ್ಮಗಳ ಆನ್‌ಲೈನ್ ಪಾಠ ಒಟ್ಟಿಗೇ ತೆರೆದಾಗ ಯಂತ್ರ ಎಳೆಯತೊಡಗಿತು. ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ಹಾಕಿದೆ. ಎರಡು ಸಾವಿರದೊಳಗೆ ಮುಗಿಯಿತು, ಕೆಲಸ ಹತ್ತು ನಿಮಿಷದ್ದು. 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಜಗತ್ತಿನಾದ್ಯಂತ ಮೆಮೊರಿ ಬೆಲೆ ಗಗನಕ್ಕೇರಿದಾಗ ಆ ಖಾಲಿ ಸ್ಲಾಟಿನ ಬೆಲೆ ಮನೆಯವರಿಗೂ ಗೊತ್ತಾಯಿತು.

ದೊಡ್ಡ ಪರೀಕ್ಷೆ ಬಂದದ್ದು 2024ರ ಜುಲೈನಲ್ಲಿ. ಮೇಷ್ಟ್ರ ಕಷಾಯದ ಲೋಟ ಪೂರ್ತಿ ಕೀಬೋರ್ಡಿನ ಮೇಲೆ ಮಗುಚಿತು. ಸೊಸೆ ತಕ್ಷಣ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿಹಿಡಿದು ಆರಿಸಿ, ಯಂತ್ರವನ್ನು ಗುಡಾರದ ಹಾಗೆ ಬೋರಲಾಗಿ ನಿಲ್ಲಿಸಿ ನನಗೆ ಫೋನ್ ಮಾಡಿದರು. ಅಕ್ಕಿ ಡಬ್ಬಿಯಲ್ಲಿಡಲೇ ಎಂದು ಅಜ್ಜಿ ಕೇಳುತ್ತಿದ್ದರು. ಬೇಡ ಎಂದೆ. ಅಕ್ಕಿಯಿಂದ ಒಳಗಿನ ನೀರು ಆರುವುದಿಲ್ಲ, ಅದರ ಪುಡಿ ಪೋರ್ಟಿನೊಳಗೆ ಸೇರುತ್ತದೆ. ಬೆಲ್ಲ ಹಾಕಿದ ಕಷಾಯ ಒಣಗಿದರೂ ಅಂಟು ಉಳಿಯುತ್ತದೆ. ಆನ್ ಮಾಡಿ ನೋಡುವ ಆಸೆಗೆ ಬೀಳಬೇಡಿ ಎಂದಷ್ಟೇ ಹೇಳಿದೆ. ಅಷ್ಟು ತಡೆದುಕೊಂಡದ್ದರಿಂದಲೇ ಎಸ್‌ಎಸ್‌ಡಿಯಲ್ಲಿದ್ದ ಮಂಡಿ ಲೆಕ್ಕ ಉಳಿಯಿತು.

ಆಕಸ್ಮಿಕ ಹಾನಿಯ ರಕ್ಷಣೆಯಡಿ ದೂರು ದಾಖಲಾಯಿತು. ಬಿಡಿಭಾಗ ಬರಲು ವಾರಕ್ಕೂ ಮೇಲಾಯಿತು, ಮಂಡಿಯವರಿಗೆ ಉತ್ತರ ಹೇಳಿ ಸಾಕಾಯಿತು. ಇಂಜಿನಿಯರ್ ಮನೆಗೇ ಬಂದು ಕೀಬೋರ್ಡನ್ನೂ ಮದರ್‌ಬೋರ್ಡನ್ನೂ ಬದಲಿಸಿದರು. ಆನ್ ಮಾಡಿದರೆ ನೀಲಿ ಪರದೆ: ರಿಕವರಿ ಕೀ ಕೊಡಿ. ವಿಂಡೋಸ್ 11ರ ಇಂಥ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕು ತಾನಾಗೇ ಎನ್‌ಕ್ರಿಪ್ಟ್ ಆಗಿರುತ್ತದೆ. ಅದರ ಬೀಗ ಮದರ್‌ಬೋರ್ಡಿನ ಟಿಪಿಎಮ್ ಎಂಬ ಭದ್ರತಾ ಚಿಪ್ಪಿಗೆ ಕಟ್ಟಿಕೊಂಡಿರುತ್ತದೆ. ಬೋರ್ಡು ಬದಲಾದರೆ 48 ಅಂಕಿಯ ಕೀ ಇಲ್ಲದೆ ಒಳಗಿನ ಒಂದು ಕಡತವೂ ಸಿಗುವುದಿಲ್ಲ. ಆ ಕೀ ಇರುವುದು ಯಾರ ಇಮೇಲಿನಲ್ಲಿ ತೆರೆದಿದೆಯೋ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅಂಗಡಿಯ ಹುಡುಗನ ಇಮೇಲಿನಲ್ಲಿ ತೆರೆದಿದ್ದರೆ, ಅವನು ಕೆಲಸ ಬಿಟ್ಟು ಎಲ್ಲಿಗೆ ಹೋಗಿರುತ್ತಿದ್ದನೋ! ಸೊಸೆ ಬಿಲ್ಲಿನ ಫೈಲು ತಂದು ಆ ಹಾಳೆಯಿಂದ ಅಂಕಿಗಳನ್ನು ಓದಿದರು, ಇಂಜಿನಿಯರ್ ಒತ್ತಿದರು, ವಿಂಡೋಸ್ ತೆರೆಯಿತು. ಹೀಗೆ ಕೀ ಇಟ್ಟುಕೊಂಡ ಮನೆ ಅಪರೂಪ ಎಂದು ಅವರು ಹೇಳಿದರು. ಹೊಸ ಬೋರ್ಡಿಗೆ ಹೊಸ ಬಿಲ್ಲಿಲ್ಲ. ವಾರಂಟಿಗೆ ಕೊಟ್ಟ ಹಣ ಆ ಒಂದು ದಿನದಲ್ಲಿ ತೀರಿತು.

ಎಲ್ಲವೂ ಸರಿಹೋಗಿಲ್ಲ. ಪರದೆಯ ಬಗ್ಗೆ ಮೇಷ್ಟ್ರ ಅಸಮಾಧಾನ ಇವತ್ತಿಗೂ ಇದೆ. ಹಗಲು ಜಗಲಿಯಲ್ಲಿ ಕೂತು ಬರೆಯುವುದು ಅವರ ರೂಢಿ. ಅಲ್ಲಿ ಪರದೆಯಲ್ಲಿ ಅವರ ಮುಖವೇ ಹೆಚ್ಚು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. 2025ರಲ್ಲಿ ಮಗ ಒಂದು 22 ಇಂಚಿನ ಮಾನಿಟರ್ ತಂದು ಎಚ್‌ಡಿಎಂಐ ತಂತಿಯಿಂದ ಜೋಡಿಸಿದರು. ಒಳಗೆ ಬರೆಯುವುದು ಸುಲಭವಾಯಿತು, ಜಗಲಿ ತಪ್ಪಿತು. ಮತ್ತೆ ಅದೇ ಇಕ್ಕಟ್ಟು ಬಂದರೆ ಮತ್ತೆ ವಾರಂಟಿಯನ್ನೇ ಆರಿಸಲು ಹೇಳುತ್ತೇನೆ. ಆದರೆ ಜಗಲಿಯಲ್ಲಿ ಕೂರುವ ಮಾತನ್ನು ಸೊಸೆಯ ನಂಬರ್ ಪ್ಯಾಡಿನಷ್ಟೇ ಮೊದಲು ಕೇಳಿ ತಿಳಿಯಬೇಕು, ಆಗ ಬಜೆಟ್ಟನ್ನೇ ಬೇರೆ ರೀತಿ ಹಾಕಿಕೊಳ್ಳಬಹುದು.

ಈ ಪ್ರಕರಣದಿಂದ ಬೇರೆ ಮನೆಗಳಿಗೆ ಒಯ್ಯಬಹುದಾದದ್ದು

ಕೊಂಡ ಮಾದರಿಯನ್ನು ಒಯ್ಯಬೇಡಿ, ಅದು ಈಗ ಮಾರುಕಟ್ಟೆಯಲ್ಲಿ ಸಿಗುವುದೂ ಕಷ್ಟ. ಒಯ್ಯಬೇಕಾದದ್ದು ಕ್ರಮ. ಹಳೆಯದು ಯಾವ ಕಾರಣಕ್ಕೆ ಕೆಟ್ಟಿತೆಂದು ನೋಡಿದ್ದರಿಂದ ಹಿಂಜು, ಬ್ಯಾಟರಿ, ತೇವ ಈ ಮೂರು ವಿಷಯ ಮುಂದೆ ಬಂದವು. ಹೆಚ್ಚು ಹೊತ್ತು ಬಳಸುವವರನ್ನು ಕೇಳಿದ್ದರಿಂದ ಗಾತ್ರ ತೀರ್ಮಾನವಾಯಿತು. ಲ್ಯಾಪ್‌ಟಾಪಿಗೆಂದು ಇಟ್ಟ ಬಜೆಟ್ಟಿನಲ್ಲಿ ಹತ್ತನೇ ಒಂದು ಭಾಗದಷ್ಟನ್ನು ಯಂತ್ರದಿಂದ ಹೊರಗೆ, ಅಂದರೆ ಅರ್ಥಿಂಗ್, ಪ್ರೊಟೆಕ್ಟರ್, ವಾರಂಟಿಗೆಂದು ಎತ್ತಿಡುವುದು ನಮ್ಮಂಥ ಕಡೆ ಪ್ರೊಸೆಸರನ್ನು ಒಂದು ಮೆಟ್ಟಿಲು ಏರಿಸುವುದಕ್ಕಿಂತ ಹೆಚ್ಚು ವರ್ಷ ಕೊಡುತ್ತದೆ.

ರಿಫರ್ಬಿಶ್ಡ್ ಕೆಟ್ಟದ್ದೆಂದು ಯಾರೂ ಓದಿಕೊಳ್ಳಬಾರದು. ಎಂಟನೇ ತಲೆಮಾರಿನ ಅಥವಾ ನಂತರದ ಹಳೆಯ ಬಿಸಿನೆಸ್ ಯಂತ್ರಗಳ ಹಿಂಜು, ಕೀಬೋರ್ಡು ಇವತ್ತಿನ ಎಷ್ಟೋ ಹೊಸ ಅಗ್ಗದ ಯಂತ್ರಗಳಿಗಿಂತ ಗಟ್ಟಿ. ಬ್ಯಾಟರಿ ಹಳತಾಗಿರುತ್ತದೆ, ವಾರಂಟಿ ಅಂಗಡಿಯವರ ಮಾತಿನ ಮೇಲೆ ನಿಂತಿರುತ್ತದೆ. ತಾವೇ ಬಿಚ್ಚಬಲ್ಲವರಿಗೆ, ಪಕ್ಕದಲ್ಲೇ ರಿಪೇರಿ ಅಂಗಡಿ ಇರುವವರಿಗೆ ಒಳ್ಳೆಯ ವ್ಯವಹಾರ. ಲೆಕ್ಕ ನಿಂತರೆ ಸಂಪಾದನೆ ನಿಲ್ಲುವ ಈ ಮನೆಗೆ ಹೊಂದುತ್ತಿರಲಿಲ್ಲ.

ಹತ್ತು ವರ್ಷ ಬರುತ್ತದೆಯೇ ಎಂದು ಮೇಷ್ಟ್ರು ಈಗಲೂ ಕೇಳುತ್ತಾರೆ. ಮೂರನೇ ಮಳೆಗಾಲ ಮುಗಿದ ಮೇಲೆ ವಿಂಡೋಸಿನ ಬ್ಯಾಟರಿ ವರದಿ ತೆಗೆದೆ: 41 ವಾಟ್-ಅವರ್‌ನ ಬ್ಯಾಟರಿಯಲ್ಲಿ 36 ಉಳಿದಿದೆ. ಹಿಂಜು ಎರಡೂ ಮೂಲೆಯಲ್ಲಿ ಒಂದೇ ಸಮ ಏಳುತ್ತದೆ. ಪೋರ್ಟುಗಳಲ್ಲಿ ಹಸಿರಿಲ್ಲ. ವಾರಂಟಿಯ ಅವಧಿ 2026ರ ಮೇ ತಿಂಗಳವರೆಗೆ. ಅದಾದ ಮೇಲೆ ಬ್ಯಾಟರಿ ಒಮ್ಮೆ, ಬಹುಶಃ ಕೀಬೋರ್ಡ್ ಒಮ್ಮೆ ಬದಲಿಸಬೇಕಾಗುತ್ತದೆ. ಎರಡೂ ನಾನೇ ಮಾಡಬಹುದಾದ ಕೆಲಸ. ಏಳೆಂಟು ವರ್ಷದವರೆಗೆ ಧೈರ್ಯವಾಗಿ ಹೇಳುತ್ತೇನೆ, ಅದರಾಚೆ ಹಾರ್ಡ್‌ವೇರ್ ಉಳಿದರೂ ಸಾಫ್ಟ್‌ವೇರಿನವರು ಏನು ಮಾಡುತ್ತಾರೋ ಅದರ ಮೇಲೆ ನಿಂತಿದೆ.

ಮೊಮ್ಮಗಳು ಈಗ ಪಿಯುಸಿಯಲ್ಲಿದ್ದಾಳೆ, ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ. ಅವಳಿಗೊಂದು ಬೇಕು. ಅದೇ ಯಂತ್ರದ ಹೊಸ ಮಾದರಿ ಕೊಡಿಸಿದರಾಯಿತಲ್ಲ ಎಂದರು ಮಗ. ಬೇಡ ಎಂದೆ. ದಿನವೂ ಬ್ಯಾಗಿನಲ್ಲಿ ಹೊರುವವಳಿಗೆ 15.6 ಇಂಚು ಭಾರ. ಅವಳಿಗೆ ಹಗುರವಾದ 14 ಇಂಚು, ಫೋನಿನ ಚಾರ್ಜರಿನ ಹಾಗೆ ಎಲ್ಲೆಡೆ ಸಿಗುವ ಟೈಪ್-ಸಿ ಚಾರ್ಜಿಂಗ್, ಬಿದ್ದರೂ ತಡೆಯುವ ಮೂಲೆಗಳು ಬೇಕು. ರ‍್ಯಾಮ್ ಬೆಲೆ ಏರಿರುವುದರಿಂದ ಈ ಸಲ ಮೊದಲೇ 16 ಜಿಬಿ ಇರುವುದನ್ನೇ ಹುಡುಕುತ್ತಿದ್ದೇವೆ. ಪಟ್ಟಿ ಹಿಡಿದು ಅಂಗಡಿಗೆ ಹೋಗುವ ಕೆಲಸ ಈ ಸಾರಿ ಅವಳ ಅಮ್ಮನದು.